ಖಾಲಿ ಪೊಟ್ಟಣದ ಹೊಣೆ ಯಾರದು? ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಮತ್ತು ಗ್ರಾಮ ಪಂಚಾಯಿತಿ

ಪಾಠದ ಉದ್ದೇಶ: ಪ್ಲಾಸ್ಟಿಕ್ ಪೊಟ್ಟಣಗಳ ವಿಲೇವಾರಿಯಲ್ಲಿ ಕಂಪನಿಗಳಿಗೆ ಕಾನೂನು ವಿಧಿಸಿರುವ ಹೊಣೆ ಯಾವುದು, ಗ್ರಾಮ ಪಂಚಾಯಿತಿಯ ಹೊಣೆ ಯಾವುದು, ಇವೆರಡೂ ಎಲ್ಲಿ ಸಂಧಿಸುತ್ತವೆ ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಚುನಾಯಿತ ಪ್ರತಿನಿಧಿಗಳು ಹಾಗೂ ಸ್ವಚ್ಛ ಸಂಕೀರ್ಣಗಳನ್ನು ನಿರ್ವಹಿಸುವ ಸಂಜೀವಿನಿ ಒಕ್ಕೂಟಗಳ ಸದಸ್ಯರಿಗೆ ತಿಳಿಸುವುದು.

1. ಪೀಠಿಕೆ

ಒಣ ಕಸದ ಸಂಗ್ರಹಣೆ ಕ್ರಮಬದ್ಧವಾಗಿ ನಡೆಯುತ್ತಿರುವ ಸ್ವಚ್ಛ ಸಂಕೀರ್ಣಗಳಲ್ಲಿಯೂ ಒಂದು ದೃಶ್ಯ ಸಾಮಾನ್ಯವಾಗಿ ಕಂಡುಬರುತ್ತದೆ. ರಟ್ಟು, ಕಬ್ಬಿಣ, ನೀರಿನ ಬಾಟಲಿ, ಹಾಲಿನ ಪೊಟ್ಟಣ ಇವು ಬಹುಕಾಲ ದಾಸ್ತಾನಿನಲ್ಲಿ ಉಳಿಯುವುದಿಲ್ಲ. ಗುಜರಿ ವ್ಯಾಪಾರಿಯು ಬಂದು, ತೂಗಿ, ಹಣ ಕೊಟ್ಟು ಒಯ್ಯುತ್ತಾನೆ. ಬಿಸ್ಕತ್ತು, ಕುರುಕಲು ತಿಂಡಿ, ಶಾಂಪೂ, ಮಸಾಲೆ ಪುಡಿಗಳ ಹೊಳೆಯುವ ಪೊಟ್ಟಣಗಳ ರಾಶಿ ಮಾತ್ರ ಮೂಲೆಯಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಅದನ್ನು ಕೇಳುವವರಿಲ್ಲ.

ಈ ರಾಶಿಯನ್ನು ಮನೆಮನೆಯಿಂದ ತಂದವರೂ ಕೈಯಿಂದ ವಿಂಗಡಿಸಿದವರೂ ಬಹುತೇಕ ಅದೇ ಊರಿನ ಸ್ವ-ಸಹಾಯ ಸಂಘದ ಮಹಿಳೆಯರು. ಒಂದು ಲೀಟರಿನ ನೀರಿನ ಬಾಟಲಿಗಳಾದರೆ ಸುಮಾರು ನಲವತ್ತೈವತ್ತು ಸೇರಿದಾಗ ಒಂದು ಕಿಲೋ ತೂಗುತ್ತವೆ. ಸಣ್ಣ ತಿಂಡಿ ಪೊಟ್ಟಣಗಳಾದರೆ ಮುನ್ನೂರಕ್ಕೂ ಹೆಚ್ಚು ಬೇಕು. ಶಾಂಪೂ ಪೊಟ್ಟಣಗಳಾದರೆ ಸಾವಿರವನ್ನೂ ಮೀರಬೇಕು. ಒಂದು ಕಿಲೋಗೆ ಅತಿ ಹೆಚ್ಚು ಬಾರಿ ಕೈ ಬಗ್ಗಿಸಬೇಕಾದ ಕಸಕ್ಕೆ ಅತಿ ಕಡಿಮೆ ಬೆಲೆ, ಅನೇಕ ವೇಳೆ ಬೆಲೆಯೇ ಇಲ್ಲ. ದಾಸ್ತಾನು ಕೊಠಡಿ ತುಂಬಿದ ಮೇಲೆ ಈ ಪೊಟ್ಟಣಗಳು ಹಳ್ಳಕ್ಕೆ ಬೀಳುತ್ತವೆ, ಹಸುವಿನ ಹೊಟ್ಟೆಗೆ ಸೇರುತ್ತವೆ ಅಥವಾ ಬೆಂಕಿಗೆ ಆಹುತಿಯಾಗುತ್ತವೆ.

ಆದರೆ ಈ ಪೊಟ್ಟಣದ ಮೇಲೆ ಒಂದು ಕಂಪನಿಯ ಹೆಸರು ಮುದ್ರಿತವಾಗಿದೆ. ಅದರ ಕೊನೆಯ ವಿಲೇವಾರಿಯ ವೆಚ್ಚವನ್ನು ಆ ಕಂಪನಿಯೇ ಹೊರಬೇಕೆಂದು ದೇಶದ ಕಾನೂನು ಹೇಳುತ್ತದೆ. ಆ ಕಾನೂನಿಗೂ ಊರ ಮೂಲೆಯ ರಾಶಿಗೂ ಇರುವ ಅಂತರವೇ ಈ ಪಾಠದ ವಿಷಯ.

2. ಪೊಟ್ಟಣಕ್ಕೆ ಬೆಲೆಯಿಲ್ಲದಿರಲು ಕಾರಣ

ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ ಕಾಣುವ 1ರಿಂದ 7ರವರೆಗಿನ ಅಂಕೆಗಳು ಅದರ ಜಾತಿಯನ್ನು ಸೂಚಿಸುತ್ತವೆ. 1 ಎಂದರೆ ನೀರು ಮತ್ತು ತಂಪು ಪಾನೀಯಗಳ ಬಾಟಲಿಯ ಪೆಟ್, 2 ಎಂದರೆ ಗಡುಸಾದ ಪಾಲಿಥೀನ್, 3 ಪಿ.ವಿ.ಸಿ.; 4 ತೆಳು ಪಾಲಿಥೀನ್; 5 ಪಾಲಿಪ್ರೊಪಿಲೀನ್; 6 ಥರ್ಮೋಕೋಲ್ ಜಾತಿಯ ಪಾಲಿಸ್ಟೈರೀನ್; 7 ಇತರೆ ಹಾಗೂ ಮಿಶ್ರ.

ಇವುಗಳ ಕರಗುವ ಉಷ್ಣತೆ ಒಂದೇ ಆಗಿಲ್ಲ. ಪಾಲಿಥೀನ್ ಸುಮಾರು 105ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಯಲ್ಲಿ, ಪೆಟ್ ಸುಮಾರು 250 ಡಿಗ್ರಿಯಲ್ಲಿ ಕರಗುತ್ತದೆ. ಹಾಲಿನ ಪೊಟ್ಟಣವು ಪಾಲಿಥೀನ್ ಜಾತಿಯಿಂದಲೇ ತಯಾರಾದುದರಿಂದ ಅದನ್ನು ತೊಳೆದು, ಕರಗಿಸಿ ಪುನಃ ಕಾಳು ಮಾಡಬಹುದು. ಮಸಾಲೆ ಅಥವಾ ಕಾಫಿ ಪುಡಿಯ ಪೊಟ್ಟಣದಲ್ಲಾದರೋ ಹೊರಗೆ ಮುದ್ರಣಕ್ಕೊಂದು ಪದರ, ನಡುವೆ ಬೆಳಕು ಮತ್ತು ಗಾಳಿಯನ್ನು ತಡೆಯಲು ಅಲ್ಯೂಮಿನಿಯಂ, ಒಳಗೆ ಬಿಸಿಯಿಂದ ಅಂಟಿಸಲು ಪಾಲಿಥೀನ್ ಹೀಗೆ ಹಲವು ಪದರಗಳು ಬಿಡದಂತೆ ಬೆಸೆದುಕೊಂಡಿರುತ್ತವೆ. ಒಂದು ಪದರ ಕರಗುವ ಉಷ್ಣತೆಯಲ್ಲಿ ಮತ್ತೊಂದು ಕರಗುವುದಿಲ್ಲ. ಬೇರ್ಪಡಿಸುವ ವೆಚ್ಚವು ದೊರೆಯುವ ವಸ್ತುವಿನ ಬೆಲೆಯನ್ನು ಮೀರುತ್ತದೆ. ಪುಡಿಯನ್ನು ತಿಂಗಳುಗಟ್ಟಲೆ ಕೆಡದಂತೆ ಕಾಪಾಡುವ ಗುಣವೇ ಪೊಟ್ಟಣದ ಮರುಬಳಕೆಗೆ ಅಡ್ಡಿಯಾಗಿದೆ.

ಆದ್ದರಿಂದ ಗುಜರಿ ವ್ಯಾಪಾರಿಯು ಇದನ್ನು ಬಿಟ್ಟುಹೋಗುವುದರಲ್ಲಿ ಅವನ ತಪ್ಪೇನೂ ಇಲ್ಲ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ವಸ್ತುವನ್ನು ಸಾಗಿಸಲು ಹಣ ಬೇರೆ ಕಡೆಯಿಂದ ಬರಬೇಕು. ಅದು ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಕಾನೂನು ಉತ್ತರಿಸಲು ಯತ್ನಿಸಿದೆ.

3. ಕಾನೂನು ನಡೆದುಬಂದ ದಾರಿ

ವಸ್ತುವನ್ನು ಮಾರುಕಟ್ಟೆಗೆ ತಂದವನೇ ಅದರ ತ್ಯಾಜ್ಯದ ಹೊಣೆಯನ್ನೂ ಹೊರಬೇಕೆಂಬ ತತ್ತ್ವಕ್ಕೆ ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಎಂದು ಹೆಸರು. ಕಡತಗಳಲ್ಲಿ ಇದನ್ನು ಇ.ಪಿ.ಆರ್. ಎಂದು ಬರೆಯಲಾಗುತ್ತದೆ. ಜರ್ಮನಿಯು 1991ರಲ್ಲಿಯೇ ಪೊಟ್ಟಣಗಳಿಗೆ ಸಂಬಂಧಿಸಿದ ಆದೇಶದ ಮೂಲಕ ಇದನ್ನು ಜಾರಿಗೆ ತಂದಿತು. ಭಾರತದಲ್ಲಿ ಈ ತತ್ತ್ವವು 2011ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲಿ ಮೊದಲು ಕಾಣಿಸಿಕೊಂಡಿತು.

2016ರ ಮಾರ್ಚ್ 18ರಂದು ಹೊರಡಿಸಲಾದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗ್ರಾಮೀಣ ಪ್ರದೇಶವನ್ನೂ ತಮ್ಮ ವ್ಯಾಪ್ತಿಗೆ ತಂದವು. ಈ ನಿಯಮಗಳ 7ನೇ ನಿಯಮವು ಗ್ರಾಮ ಪಂಚಾಯಿತಿಗೆ ಮೂರು ಕರ್ತವ್ಯಗಳನ್ನು ವಿಧಿಸಿದೆ: ಪ್ಲಾಸ್ಟಿಕ್ ತ್ಯಾಜ್ಯದ ವಿಂಗಡಣೆ, ಸಂಗ್ರಹ, ದಾಸ್ತಾನು, ಸಾಗಣೆಯನ್ನು ಖಚಿತಪಡಿಸಿ, ಮರುಬಳಕೆಗೆ ಯೋಗ್ಯವಾದುದನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವುದು, ಸಂಬಂಧಿಸಿದ ಎಲ್ಲರಲ್ಲೂ ಅರಿವು ಮೂಡಿಸುವುದು, ಬಯಲಿನಲ್ಲಿ ಪ್ಲಾಸ್ಟಿಕ್ ಸುಡದಂತೆ ನೋಡಿಕೊಳ್ಳುವುದು. ಪಂಚಾಯಿತಿಯು ಈ ಕೆಲಸವನ್ನು ಸ್ವತಃ ಮಾಡಬಹುದು ಅಥವಾ ಸಂಸ್ಥೆಯೊಂದರ ಮೂಲಕ ಮಾಡಿಸಬಹುದು.

ಅದೇ ನಿಯಮಗಳು ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ಹಂತಹಂತವಾಗಿ ಕೈಬಿಡಬೇಕೆಂದೂ ಹೇಳಿದ್ದವು. ಆ ಎರಡು ವರ್ಷ ಮುಗಿಯುವ ಹೊತ್ತಿಗೆ, 2018ರ ಮಾರ್ಚ್‌ನ ತಿದ್ದುಪಡಿಯಲ್ಲಿ, ಮರುಬಳಕೆಯಾಗದ, ಇಂಧನವಾಗಿಯೂ ಉಪಯೋಗಕ್ಕೆ ಬಾರದ, ಬೇರಾವ ಬಳಕೆಯೂ ಇಲ್ಲದ ಬಹುಪದರ ಪ್ಲಾಸ್ಟಿಕ್ಕಿಗೆ ಮಾತ್ರ ಈ ಷರತ್ತು ಸೀಮಿತಗೊಂಡಿತು. ಸಿಮೆಂಟ್ ಕುಲುಮೆಯಲ್ಲಿ ಉರಿಸಲು ಬರುವ ಪೊಟ್ಟಣವು ಹೀಗೆ ನಿಷೇಧದಿಂದ ಹೊರಗುಳಿಯಿತು. ಮೂಲೆಯ ರಾಶಿ ಇಂದಿಗೂ ಬೆಳೆಯುತ್ತಿರಲು ಇದೊಂದು ಮುಖ್ಯ ಕಾರಣ.

ನಿಷೇಧದ ದಾರಿಯೂ ಜೊತೆಯಲ್ಲೇ ಸಾಗಿತು. ಕರ್ನಾಟಕ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸ್, ಬಂಟಿಂಗ್, ತಟ್ಟೆ, ಲೋಟ, ಚಮಚ ಮುಂತಾದವುಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರದ 2021ರ ಆಗಸ್ಟ್ 12ರ ತಿದ್ದುಪಡಿಯಂತೆ, ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾದವು. ಆದರೆ ಕಂಪನಿಗಳ ಸರಕಿನ ಪೊಟ್ಟಣಗಳು ಈ ಪಟ್ಟಿಯಲ್ಲಿಲ್ಲ. ಗ್ರಾಮ ಪಂಚಾಯಿತಿಯು ಅಂಗಡಿಯಲ್ಲಿ ಕೈಚೀಲವನ್ನು ಮುಟ್ಟುಗೋಲು ಹಾಕಿಕೊಳ್ಳುವಾಗ ಅದೇ ಅಂಗಡಿಯಲ್ಲಿ ತೂಗಾಡುವ ಪೊಟ್ಟಣಗಳ ಸರವನ್ನು ಏನೂ ಮಾಡಲಾಗದಿರುವುದು ಇದರಿಂದಲೇ.

4. ಕಂಪನಿಗಳಿಗೆ ವಿಧಿಸಿರುವ ಗುರಿಗಳು

2022ರ ಫೆಬ್ರವರಿ 16ರ ತಿದ್ದುಪಡಿಯು ಇ.ಪಿ.ಆರ್. ಮಾರ್ಗಸೂಚಿಗಳನ್ನು ನಿಯಮಗಳ ಅನುಸೂಚಿಯಾಗಿ ಸೇರಿಸಿತು. ಉತ್ಪಾದಕರು, ಆಮದುದಾರರು ಮತ್ತು ಬ್ರ್ಯಾಂಡ್ ಮಾಲೀಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ನೋಂದಾಯಿಸಿಕೊಂಡು, ತಾವು ಮಾರುಕಟ್ಟೆಗೆ ಬಿಟ್ಟ ಪೊಟ್ಟಣಗಳ ತೂಕಕ್ಕೆ ಅನುಗುಣವಾಗಿ ತ್ಯಾಜ್ಯದ ಸಂಸ್ಕರಣೆಯನ್ನು ತೋರಿಸಬೇಕು. ಈ ಗುರಿಯು 2021-22ರಲ್ಲಿ ಶೇ. 25, 2022-23ರಲ್ಲಿ ಶೇ. 70, 2023-24ರಿಂದ ಶೇ. 100 ಎಂದು ನಿಗದಿಯಾಯಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಾದ ಬ್ರ್ಯಾಂಡ್ ಮಾಲೀಕರಿಗೆ ಈ ಗುರಿಗಳಿಂದ ವಿನಾಯಿತಿ ಇರುವುದರಿಂದ, ಹಪ್ಪಳ, ಉಪ್ಪಿನಕಾಯಿ ತಯಾರಿಸುವ ಸಂಘಗಳು ಆತಂಕಪಡಬೇಕಾಗಿಲ್ಲ.

2022ರ ಫೆಬ್ರವರಿಯ ಈ ಮಾರ್ಗಸೂಚಿಗಳಲ್ಲಿ ಪೊಟ್ಟಣಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿತ್ತು.

ವರ್ಗ 1: ಗಡುಸಾದ ಪ್ಲಾಸ್ಟಿಕ್, ಬಾಟಲಿ, ಡಬ್ಬಿ.
ವರ್ಗ 2: ಮಡಚಬಲ್ಲ ಪ್ಲಾಸ್ಟಿಕ್; ಹಾಲಿನ ಪೊಟ್ಟಣ, ಕೈಚೀಲ, ಪ್ಲಾಸ್ಟಿಕ್ ಪದರಗಳಷ್ಟೇ ಇರುವ ಪೊಟ್ಟಣ.
ವರ್ಗ 3: ಪ್ಲಾಸ್ಟಿಕ್ಕಿನ ಜೊತೆಗೆ ಅಲ್ಯೂಮಿನಿಯಂ ಹಾಳೆ, ಕಾಗದ ಮುಂತಾದ ಬೇರೆ ವಸ್ತುವಿನ ಪದರವೂ ಇರುವ ಪೊಟ್ಟಣ.
ವರ್ಗ 4: ಗೊಬ್ಬರವಾಗಬಲ್ಲ ಪ್ಲಾಸ್ಟಿಕ್.

ಸಂಸ್ಕರಣೆಯೆಲ್ಲವೂ ಸುಡುವಿಕೆಯಾಗಬಾರದೆಂಬ ಕಾರಣಕ್ಕೆ ಕನಿಷ್ಠ ಮರುಬಳಕೆಯ ಪ್ರಮಾಣವನ್ನೂ ನಿಗದಿಪಡಿಸಲಾಗಿದೆ. 2024-25ರಲ್ಲಿ ವರ್ಗ 1ಕ್ಕೆ ಶೇ. 50, ವರ್ಗ 2 ಮತ್ತು 3ಕ್ಕೆ ಶೇ. 30ರಿಂದ ಆರಂಭಿಸಿ, 2027-28ರ ವೇಳೆಗೆ ಕ್ರಮವಾಗಿ ಶೇ. 80 ಮತ್ತು ಶೇ. 60ನ್ನು ತಲುಪಬೇಕು. ಮರುಬಳಕೆಯಾಗದ ಉಳಿಕೆಯನ್ನು ಮಾತ್ರ ರಸ್ತೆ ನಿರ್ಮಾಣ, ವಿದ್ಯುತ್ ಉತ್ಪಾದನೆ, ತೈಲ ತಯಾರಿಕೆ ಅಥವಾ ಸಿಮೆಂಟ್ ಕುಲುಮೆಗೆ ಕಳುಹಿಸಬಹುದು. ಗುರಿ ತಪ್ಪಿದ ಕಂಪನಿಯು ಪರಿಸರ ಪರಿಹಾರ ಧನವನ್ನು ಕಟ್ಟಬೇಕು. ಹಣ ಕಟ್ಟಿದ ಮಾತ್ರಕ್ಕೆ ಹೊಣೆ ತೀರುವುದಿಲ್ಲ. ಬಾಕಿ ಗುರಿಯು ಮೂರು ವರ್ಷಗಳವರೆಗೆ ಮುಂದುವರಿಯುತ್ತದೆ.

5. ‘ತಕ್ಕದ್ದು’ ಮತ್ತು ‘ಬಹುದು’

ಇಷ್ಟೆಲ್ಲ ಗುರಿಗಳಿದ್ದರೂ ಊರಿನ ರಾಶಿ ಕರಗದಿರಲು ಕಾರಣವೇನು? ಪ್ರಮಾಣಪತ್ರಗಳ ವ್ಯವಸ್ಥೆಯನ್ನು ಅರಿತರೆ ಉತ್ತರ ದೊರೆಯುತ್ತದೆ.

ಕಂಪನಿಯು ತನ್ನ ಪೊಟ್ಟಣವನ್ನೇ ಹುಡುಕಿ ತರಬೇಕಾಗಿಲ್ಲ. ಅದೇ ವರ್ಗದ ಅಷ್ಟೇ ತೂಕದ ತ್ಯಾಜ್ಯವನ್ನು ದೇಶದ ಯಾವುದಾದರೂ ನೋಂದಾಯಿತ ಘಟಕವು ಸಂಸ್ಕರಿಸಿದ್ದರೆ, ಆ ಘಟಕವು ಜಾಲತಾಣದಲ್ಲಿ ಸೃಷ್ಟಿಸುವ ಪ್ರಮಾಣಪತ್ರವನ್ನು ಖರೀದಿಸಿ ಗುರಿಯನ್ನು ಪೂರೈಸಬಹುದು. ಒಂದು ಊರಿನಲ್ಲಿ ಮಾರಾಟವಾದುದನ್ನು ಆ ಊರಿನಿಂದಲೇ ಸಂಗ್ರಹಿಸಬೇಕೆಂಬ ಷರತ್ತು ಇಲ್ಲ. ನಗರದಲ್ಲಿ ಒಂದೇ ಕಡೆ ಹತ್ತಾರು ಟನ್ ದೊರೆಯುವಾಗ, ಹತ್ತು ಚೀಲಗಳಿಗಾಗಿ ಘಟ್ಟದ ಊರಿಗೆ ಲಾರಿ ಬರುವುದಿಲ್ಲ.

ಮಾರ್ಗಸೂಚಿಗಳು ಗ್ರಾಮ ಪಂಚಾಯಿತಿಯನ್ನು ಹೆಸರಿಸಿಯೇ ಇವೆ. ಕಂಪನಿಗಳು ಸಂಗ್ರಹಣಾ ಕೇಂದ್ರಗಳನ್ನು ಸ್ಥಾಪಿಸಬಹುದು, ನಗರ ಸ್ಥಳೀಯ ಸಂಸ್ಥೆಗಳು ಮತ್ತು ಗ್ರಾಮ ಪಂಚಾಯಿತಿಗಳಿಂದ ಪ್ಲಾಸ್ಟಿಕ್ ತ್ಯಾಜ್ಯವನ್ನು ಪಡೆದುಕೊಳ್ಳುವ ವ್ಯವಸ್ಥೆಯನ್ನು ಕಲ್ಪಿಸಬಹುದು, ಠೇವಣಿ ಮರುಪಾವತಿ ಅಥವಾ ಮರುಖರೀದಿ ಯೋಜನೆಗಳನ್ನು ನಡೆಸಬಹುದು ಎಂದು ಅವು ಹೇಳುತ್ತವೆ. ಇಲ್ಲಿರುವ ಕ್ರಿಯಾಪದ ‘ಬಹುದು’. ಗ್ರಾಮ ಪಂಚಾಯಿತಿಯ ಕರ್ತವ್ಯವನ್ನು ಹೇಳುವ 7ನೇ ನಿಯಮದ ಕ್ರಿಯಾಪದವಾದರೋ ‘ತಕ್ಕದ್ದು’. ತೂಕದ ಗುರಿಯಲ್ಲಿ ಕಂಪನಿಗೆ ಕಡ್ಡಾಯವಿದೆ. ಆ ತೂಕವನ್ನು ಯಾವ ಊರಿನಿಂದ ಪಡೆಯಬೇಕೆಂಬುದರಲ್ಲಿ ಸ್ವಾತಂತ್ರ್ಯವಿದೆ. ಪಂಚಾಯಿತಿಗೆ ಅಂತಹ ಆಯ್ಕೆಯಿಲ್ಲ. ತನ್ನ ಊರಿನ ಕಸವನ್ನು ಅದು ಎತ್ತಲೇಬೇಕು.

ಠೇವಣಿ ಪದ್ಧತಿ ಕಡ್ಡಾಯವಾದಾಗ ಏನಾಗುತ್ತದೆಂಬುದಕ್ಕೆ ಜರ್ಮನಿಯ ನಿದರ್ಶನವಿದೆ. ಅಲ್ಲಿ 2003ರಿಂದ ಪಾನೀಯಗಳ ಬಾಟಲಿಗೆ ಠೇವಣಿ ಕಡ್ಡಾಯವಾಗಿದ್ದು, ಈಗ ಅದು ಸಾಮಾನ್ಯವಾಗಿ 25 ಸೆಂಟ್. ಠೇವಣಿಯಿರುವ ಬಾಟಲಿಗಳಲ್ಲಿ ಶೇ. 90ಕ್ಕೂ ಹೆಚ್ಚು ಅಂಗಡಿಗೇ ಮರಳುತ್ತವೆ.

ಕಂಪನಿಗಳ ಸ್ವಯಂಪ್ರೇರಿತ ವಾಗ್ದಾನಗಳನ್ನಷ್ಟೇ ನಂಬಿ ಕುಳಿತುಕೊಳ್ಳಲಾಗದು ಎಂಬುದೂ ಅನುಭವದಿಂದ ಸ್ಪಷ್ಟವಾಗಿದೆ. ಹೊಸ ಪ್ಲಾಸ್ಟಿಕ್ ಬಳಕೆಯನ್ನು 2025ರೊಳಗೆ ಅರ್ಧಕ್ಕೆ ಇಳಿಸುವುದಾಗಿ 2019ರಲ್ಲಿ ಘೋಷಿಸಿದ್ದ ಯೂನಿಲಿವರ್ ಕಂಪನಿಯು 2024ರಲ್ಲಿ ಆ ಗುರಿಯನ್ನು 2026ರೊಳಗೆ ಶೇ. 30ರ ಇಳಿಕೆ ಎಂದು ಬದಲಿಸಿತು. ಮಾರಿದ ಪ್ರತಿಯೊಂದು ಬಾಟಲಿಗೆ ಸಮನಾದ ಬಾಟಲಿಯನ್ನು 2030ರೊಳಗೆ ಸಂಗ್ರಹಿಸುವುದಾಗಿ 2018ರಲ್ಲಿ ಹೇಳಿದ್ದ ಕೋಕಾ-ಕೋಲಾ ಕಂಪನಿಯು 2024ರ ಡಿಸೆಂಬರ್‌ನಲ್ಲಿ, 2035ರ ವೇಳೆಗೆ ಶೇ. 70ರಿಂದ 75ರಷ್ಟು ಸಂಗ್ರಹಕ್ಕೆ ನೆರವಾಗುವುದಾಗಿ ಗುರಿಯನ್ನು ತಗ್ಗಿಸಿತು. ವಾಗ್ದಾನವನ್ನು ಕೊಟ್ಟವರೇ ಹಿಂಪಡೆಯಬಹುದು. ನಿಯಮದಲ್ಲಿ ಬರೆದ ಗುರಿಯನ್ನು ಹಾಗೆ ಹಿಂಪಡೆಯಲಾಗದು.

6. ಒಂದು ಸರಳ ಲೆಕ್ಕ

‘ಬಹುದು’ ಎಂಬುದು ನಿಜಕ್ಕೂ ಆಗಬೇಕಾದರೆ, ಊರಿಗೆ ಲಾರಿ ಬರುವುದು ಲಾಭದಾಯಕವಾಗಬೇಕು. ಕೆಳಗಿನ ಅಂಕಿಗಳನ್ನು ಪಾಠಕ್ಕಾಗಿ ಊಹಿಸಿಕೊಳ್ಳಲಾಗಿದೆ. ಪ್ರತಿ ಪಂಚಾಯಿತಿಯು ತನ್ನದೇ ತೂಕವನ್ನು ಹಾಕಿ ಲೆಕ್ಕ ಮಾಡತಕ್ಕದ್ದು.

ಒಂದು ಪಂಚಾಯಿತಿಯಲ್ಲಿ 1,500 ಮನೆಗಳಿವೆ. ಪ್ರತಿ ಮನೆಯಿಂದ ವಾರಕ್ಕೆ 100 ಗ್ರಾಂ ಬೆಲೆಯಿಲ್ಲದ ಪೊಟ್ಟಣ ದೊರೆಯುತ್ತದೆ. ಒಟ್ಟು ವಾರಕ್ಕೆ 150 ಕಿಲೋ. ಒತ್ತಿ ಕಟ್ಟಿದ ಮೂಟೆಗಳ ಒಂದು ಲಾರಿಗೆ 9 ಟನ್ ಬೇಕೆಂದಾದರೆ, ಅದು ತುಂಬಲು 60 ವಾರಗಳು, ಅಂದರೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಮಳೆಗಾಲವೊಂದು ಕಳೆದು, ಒದ್ದೆಯಾದ ದಾಸ್ತಾನು ಹಾಳಾಗಿರುತ್ತದೆ. ಇದೇ ತಾಲ್ಲೂಕಿನ 20 ಪಂಚಾಯಿತಿಗಳು ಒಂದೆಡೆ ಸೇರಿಸಿದರೆ ವಾರಕ್ಕೆ 3 ಟನ್ ಆಗಿ, 3 ವಾರಕ್ಕೊಂದು ಲಾರಿ ತುಂಬುತ್ತದೆ.

ಒಂದೊಂದೇ ಪಂಚಾಯಿತಿ ಬಿಡಿಯಾಗಿ ನಿಂತಾಗ ಅದರ ಕೈಯಲ್ಲಿರುವುದು ಕಸ. ಇಪ್ಪತ್ತು ಪಂಚಾಯಿತಿಗಳು ವಿಂಗಡಿಸಿ, ತೂಗಿ, ಒತ್ತಿ ಕಟ್ಟಿ ಒಂದೆಡೆ ಇಟ್ಟಾಗ ಅದು ಕಂಪನಿಗೂ ಸಂಸ್ಕರಣಾ ಘಟಕಕ್ಕೂ ಬೇಕಾದ ಸರಕು. ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಎರಡನೇ ಹಂತದ ಮಾರ್ಗಸೂಚಿಯು ಪ್ರತಿ ತಾಲ್ಲೂಕಿಗೆ ಒಂದು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ಘಟಕಕ್ಕಾಗಿ ರೂ. 16 ಲಕ್ಷದವರೆಗೆ ಅವಕಾಶ ಕಲ್ಪಿಸಿರುವುದರ ಹಿಂದಿನ ತರ್ಕವೂ ಇದೇ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆ ಮತ್ತು ದಕ್ಷಿಣ ಕನ್ನಡ ಜಿಲ್ಲೆಯ ತೆಂಕ ಎಡಪದವಿನಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣ ಕಸವನ್ನು ಒಂದೆಡೆ ತಂದು ವಿಂಗಡಿಸುವ, ದಿನಕ್ಕೆ 10 ಟನ್ ಸಾಮರ್ಥ್ಯದ ಎಂ.ಆರ್.ಎಫ್. ಘಟಕಗಳು ಇದೇ ಮಾದರಿಯಲ್ಲಿ ರೂಪುಗೊಂಡಿವೆ.

7. ಗ್ರಾಮ ಪಂಚಾಯಿತಿಗಳು ಕೈಗೊಳ್ಳಬೇಕಾದ ಕ್ರಮಗಳು

(ಅ) ವರ್ಗವಾರು ವಿಂಗಡಣೆ. ‘ಪ್ಲಾಸ್ಟಿಕ್’ ಎಂಬ ಒಂದೇ ಚೀಲಕ್ಕೆ ಬದಲಾಗಿ ಮೇಲಿನ ವರ್ಗ 1, 2, 3ಕ್ಕೆ ಪ್ರತ್ಯೇಕ ಚೀಲಗಳನ್ನು ಇಡಬೇಕು. ಅನುಮಾನ ಬಂದಾಗ ಪೊಟ್ಟಣದ ಅಂಚನ್ನು ಹರಿದು ನೋಡಿ, ಒಳಗೆ ಅಲ್ಯೂಮಿನಿಯಂ ಹಾಳೆ ಅಥವಾ ಕಾಗದ ಕಂಡರೆ ವರ್ಗ 3ಕ್ಕೆ ಸೇರಿಸುವುದು ಪ್ರಾಯೋಗಿಕ ಮಾರ್ಗ. ಕೀಟನಾಶಕದ ಬಾಟಲಿಗಳನ್ನು ಯಾವ ಕಾರಣಕ್ಕೂ ಇವುಗಳೊಂದಿಗೆ ಬೆರೆಸಬಾರದು. ಹನಿ ನೀರಾವರಿ ಕೊಳವೆ, ಮಲ್ಚಿಂಗ್ ಹಾಳೆಗಳು ಪೊಟ್ಟಣಗಳಲ್ಲವಾದ್ದರಿಂದ ಅವುಗಳನ್ನೂ ಬೇರೆಯಾಗಿಡಬೇಕು.

(ಆ) ಒಣಗಿದ, ಶುಚಿಯಾದ ದಾಸ್ತಾನು. ಹಾಲಿನ ಪೊಟ್ಟಣವನ್ನು ಮನೆಯಲ್ಲೇ ತೊಳೆದು ಒಣಗಿಸಿ ಕೊಡುವಂತೆ ಗ್ರಾಮ ಸಭೆಯಲ್ಲಿಯೂ ಶಾಲೆಗಳಲ್ಲಿಯೂ ತಿಳಿಹೇಳಬೇಕು. ಪೊಟ್ಟಣದ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡದೆ ಅಂಟಿಕೊಂಡಿರುವಂತೆಯೇ ಕತ್ತರಿಸುವುದು ಒಳ್ಳೆಯದು. ಬೇರ್ಪಟ್ಟ ತುಣುಕನ್ನು ಯಾವ ವ್ಯವಸ್ಥೆಯೂ ಹೆಕ್ಕಲಾರದು.

(ಇ) ತೂಕದ ವಹಿ. ದಿನಾಂಕ, ವರ್ಗ, ತೂಕ, ಯಾರಿಗೆ ಕೊಡಲಾಯಿತು, ವಾಹನ ಸಂಖ್ಯೆ, ಪಡೆದ ಹಣ ಇವುಗಳನ್ನು ಪ್ರತಿ ಸಾಗಣೆಗೂ ದಾಖಲಿಸಿ ತೂಕದ ಚೀಟಿಯನ್ನು ಲಗತ್ತಿಸಬೇಕು. ಕನಿಷ್ಠ ಒಂದು ವರ್ಷದ ವಹಿಯಿಲ್ಲದೆ ಯಾವ ಕಂಪನಿಯೊಂದಿಗೂ ಮಾತುಕತೆಯಲ್ಲಿ ಪಂಚಾಯಿತಿಗೆ ಬಲವಿರುವುದಿಲ್ಲ.

(ಈ) ಬ್ರ್ಯಾಂಡ್ ಎಣಿಕೆ. ವರ್ಷಕ್ಕೆರಡು ಬಾರಿ, ಒಂದು ವಾರದ ಪೊಟ್ಟಣಗಳನ್ನು ಕಂಪನಿವಾರು ಎಣಿಸಿ ಪಟ್ಟಿ ಮಾಡಬಹುದು. ಪ್ರೌಢಶಾಲೆಯ ಇಕೋ ಕ್ಲಬ್ ವಿದ್ಯಾರ್ಥಿಗಳ ನೆರವು ಪಡೆಯಬಹುದು. ಊರಿನಲ್ಲಿ ಯಾರ ಪೊಟ್ಟಣ ಎಷ್ಟಿದೆ ಎಂಬ ಪಟ್ಟಿಯನ್ನು ಜಿಲ್ಲಾ ಪಂಚಾಯತ್ ಮೂಲಕ ಆಯಾ ಕಂಪನಿಗಳ ಮುಂದಿಡಲು ಅವಕಾಶವಾಗುತ್ತದೆ.

(ಉ) ಒಡಂಬಡಿಕೆ. ಸಂಸ್ಕರಣೆದಾರರೊಂದಿಗೆ ತಾಲ್ಲೂಕು ಮಟ್ಟದಲ್ಲಿ ಒಟ್ಟಾಗಿ ಒಡಂಬಡಿಕೆ ಮಾಡಿಕೊಳ್ಳುವುದು ಸೂಕ್ತ. ಅವರ ನೋಂದಣಿ ಪರಿಶೀಲಿಸಬೇಕು. ವರ್ಗ 1 ಮತ್ತು 2ನ್ನು ಮಾತ್ರ ಒಯ್ದು ವರ್ಗ 3ನ್ನು ಬಿಟ್ಟುಹೋಗಲು ಅವಕಾಶ ಕೊಡದೆ, ಎಲ್ಲ ವರ್ಗಗಳನ್ನೂ ಒಯ್ಯಬೇಕೆಂಬ ಷರತ್ತನ್ನು ಸೇರಿಸಬೇಕು. ಬೆಲೆಯಿಲ್ಲದ ಪೊಟ್ಟಣಕ್ಕೂ ಕಿಲೋವಾರು ಸಂಗ್ರಹಣಾ ಶುಲ್ಕವನ್ನು ಕೇಳಿ, ಅದು ವಿಂಗಡಿಸಿದ ಮಹಿಳೆಯರ ಒಕ್ಕೂಟಕ್ಕೆ ಸೇರುವಂತೆ ಬರೆಯಬೇಕು.

8. ಎರಡು ಎಚ್ಚರಿಕೆಗಳು

ಮೊದಲನೆಯದು ಕಾಗದದ ಮೇಲಿನ ಮರುಬಳಕೆಯ ಕುರಿತು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ನಡೆಸಿದ ಪರಿಶೀಲನೆಯಲ್ಲಿ ಗುಜರಾತ್, ಮಹಾರಾಷ್ಟ್ರ ಮತ್ತು ಕರ್ನಾಟಕದ ಕೆಲವು ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳನ್ನು ಸೃಷ್ಟಿಸಿದ್ದುದು ಹೊರಬಂದಿತು. ನಕಲಿ ಪ್ರಮಾಣಪತ್ರ ಅಗ್ಗವಾಗಿ ದೊರೆಯುವವರೆಗೆ ನಿಜವಾಗಿ ಕಸ ಎತ್ತುವವರಿಗೆ ಹಣ ತಲುಪುವುದಿಲ್ಲ. ಆದುದರಿಂದ ಪಂಚಾಯಿತಿಯು ಖಾಲಿ ಚೀಟಿಗೆ ಅಥವಾ ಹೆಚ್ಚಿಸಿ ಬರೆದ ತೂಕಕ್ಕೆ ಎಂದಿಗೂ ಸಹಿ ಮಾಡಬಾರದು.

ಎರಡನೆಯದು ಬೆಂಕಿಯ ಕುರಿತು. ಸಿಮೆಂಟ್ ಕುಲುಮೆಯಲ್ಲಿ ವಸ್ತುವಿನ ಉಷ್ಣತೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅನಿಲಗಳು ಆ ಬಿಸಿಯಲ್ಲಿ ಸಾಕಷ್ಟು ಹೊತ್ತು ಉಳಿಯುವುದರಿಂದ ವಿಷವಸ್ತುಗಳು ಬಹುಮಟ್ಟಿಗೆ ನಾಶವಾಗುತ್ತವೆ. ಬಚ್ಚಲೊಲೆಯಲ್ಲಿ ಅಥವಾ ಬೇಲಿಯ ಬದಿಯ ಬೆಂಕಿಯಲ್ಲಿ ಆ ಬಿಸಿಯೂ ಇಲ್ಲ, ಆ ಅವಧಿಯೂ ಇಲ್ಲ. ಪಿ.ವಿ.ಸಿ. ಬೆರೆತಿದ್ದರೆ ಡಯಾಕ್ಸಿನ್‌ನಂತಹ ವಿಷಗಳು ಹುಟ್ಟುತ್ತವೆ. ಸ್ನಾನದ ನೀರು ಕಾಯಿಸಲು ಪೊಟ್ಟಣವನ್ನು ಒಲೆಗೆ ಹಾಕುವ ಅಭ್ಯಾಸವು ಹೊಗೆಯನ್ನು ನೇರವಾಗಿ ಮನೆಯವರ ಉಸಿರಿಗೆ ಸೇರಿಸುತ್ತದೆ ಎಂಬುದನ್ನು ಪ್ರತಿ ಮನೆಗೂ ತಿಳಿಸಬೇಕು.

9. ಉಪಸಂಹಾರ

ಪೊಟ್ಟಣದ ಹೊಣೆ ಅದನ್ನು ಮಾರುಕಟ್ಟೆಗೆ ತಂದವರದೆಂದು ನಿಯಮ ಹೇಳಿದೆ. ಆದರೆ ನಿಯಮವು ತಾನಾಗಿಯೇ ಊರಿಗೆ ನಡೆದು ಬರುವುದಿಲ್ಲ. ವಿಂಗಡಿಸದೆ, ತೂಗದೆ, ದಾಖಲಿಸದೆ ಪೊಟ್ಟಣಗಳನ್ನು ಸಾಗಹಾಕುವ ಪಂಚಾಯಿತಿಯು ಕಂಪನಿಯ ಕೆಲಸವನ್ನು ತನ್ನ ಜನರ ತೆರಿಗೆಯಿಂದಲೂ ತನ್ನ ಮಹಿಳೆಯರ ಶ್ರಮದಿಂದಲೂ ಉಚಿತವಾಗಿ ಮಾಡಿಕೊಡುತ್ತಿದೆ. ಅದೇ ಪೊಟ್ಟಣವನ್ನು ವರ್ಗವಾರು ವಿಂಗಡಿಸಿ, ತೂಕದ ಚೀಟಿಯೊಂದಿಗೆ ನೆರೆಯ ಪಂಚಾಯಿತಿಗಳೊಡನೆ ಸೇರಿಸಿಟ್ಟಾಗ ಆ ಶ್ರಮಕ್ಕೆ ಬೆಲೆ ಕೇಳುವ ಹಕ್ಕು ಹುಟ್ಟುತ್ತದೆ. ಮೊದಲ ಹೆಜ್ಜೆಗೆ ಹೆಚ್ಚಿನ ಅನುದಾನ ಬೇಕಿಲ್ಲ; ಒಂದು ತಕ್ಕಡಿ, ಮೂರು ಚೀಲ, ಒಂದು ವಹಿ ಸಾಕು.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣದಲ್ಲಿ ಸದ್ಯ ಮಾರಾಟವಾಗದೆ ಉಳಿದಿರುವ ಪ್ಲಾಸ್ಟಿಕ್ ಎಷ್ಟು ಕಿಲೋ? ಅದು ಯಾವ ವರ್ಗಕ್ಕೆ ಸೇರುತ್ತದೆ?
2. 6ನೇ ಭಾಗದ ಲೆಕ್ಕವನ್ನು ತಮ್ಮ ಪಂಚಾಯಿತಿಯ ನೈಜ ಅಂಕಿಗಳೊಂದಿಗೆ ಪುನಃ ಮಾಡಿರಿ. ಒಂದು ಲಾರಿ ತುಂಬಲು ಎಷ್ಟು ವಾರಗಳು ಬೇಕು? ಯಾವ ನೆರೆಯ ಪಂಚಾಯಿತಿಗಳೊಂದಿಗೆ ಸೇರಿದರೆ ಅದು ಒಂದು ತಿಂಗಳಿಗೆ ಇಳಿಯುತ್ತದೆ?
3. ಸದ್ಯ ಒಣ ಕಸ ಒಯ್ಯುತ್ತಿರುವವರು ನೋಂದಾಯಿತರೇ? ಅವರು ಬಿಟ್ಟುಹೋಗುವ ವಸ್ತುಗಳು ಯಾವುವು?
4. ವಿಂಗಡಣೆಯಲ್ಲಿ ತೊಡಗಿರುವ ಮಹಿಳೆಯರ ಮಾಸಿಕ ಆದಾಯದಲ್ಲಿ ಕಸದ ಮಾರಾಟದಿಂದ ಬರುವ ಪಾಲು ಎಷ್ಟು? ವರ್ಗ 3ರ ಪೊಟ್ಟಣಕ್ಕೂ ಶುಲ್ಕ ದೊರೆತರೆ ಅದು ಎಷ್ಟು ಹೆಚ್ಚುತ್ತದೆ?